ನೀರಿಳಿದ ಕೆರೆಯಂಗಳದಲ್ಲಿ ಹಳೆಯ ನಾಣ್ಯಗಳ ಹುಡುಕಾಟ: ಹಂತ ಹಂತದ ಮಾರ್ಗದರ್ಶಿ

ಕೆರೆ, ಸರೋವರ, ಜಲಾಶಯಗಳ ನೀರು ಇಳಿದು ತಳ ಕಾಣತೊಡಗಿದೊಡನೆ ಓದುಗರು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಯಾವ ಮೆಟಲ್ ಡಿಟೆಕ್ಟರ್ ಕೊಳ್ಳಬೇಕು, ಅದು ಎಷ್ಟು ಆಳದವರೆಗೆ ಪತ್ತೆ ಹಚ್ಚುತ್ತದೆ, ಸಿಕ್ಕಿದ ನಾಣ್ಯವನ್ನು ತೊಳೆಯುವುದು ಹೇಗೆ, ಅದನ್ನು ಇಟ್ಟುಕೊಳ್ಳಬಹುದೇ? ಯಂತ್ರದ ಪ್ರಶ್ನೆ ಯಾವಾಗಲೂ ಮೊದಲು ಬರುತ್ತದೆ, ಅನುಮತಿಯದು ಕೊನೆಗೆ. ನೀರಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಈ ಕೆಲಸದಲ್ಲಿ ಎಲ್ಲವನ್ನೂ ನಿರ್ಧರಿಸುವುದು ನೀರೇ. ಹೊಲದಲ್ಲಿ ಕಳೆದುಹೋದ ನಾಣ್ಯ ಹೆಚ್ಚೆಂದರೆ ನೇಗಿಲು ಎಳೆದಷ್ಟು ದೂರ ಸರಿದಿರುತ್ತದೆ. ಕೆರೆಯಂಗಳದಲ್ಲಾದರೋ ಅಲೆ, ಹೂಳು ಮತ್ತು ನೀರಿನ ಮಟ್ಟದ ಏರಿಳಿತ ಇವು ಮೂರೂ ಸೇರಿ ವರ್ಷಾನುಗಟ್ಟಲೆ ಭಾರದ ವಸ್ತುಗಳನ್ನು ಬೇರ್ಪಡಿಸಿ, ಸರಿಸಿ, ಮುಚ್ಚಿ ಇಟ್ಟಿರುತ್ತವೆ. ಆ ವ್ಯವಸ್ಥೆಯನ್ನು ಅರಿತವನಿಗೆ ಸಾಧಾರಣ ಯಂತ್ರವೂ ಸಾಕಾಗುತ್ತದೆ. ಅರಿಯದವನ ಕೈಯಲ್ಲಿ ಅತಿ ದುಬಾರಿ ಯಂತ್ರವೂ ಬಾಟಲಿ ಮುಚ್ಚಳಗಳನ್ನೇ ಎತ್ತುತ್ತದೆ.

ಈ ಲೇಖನವು ನೀರು ಇಳಿದು ತೆರೆದುಕೊಂಡಿರುವ ನೆಲಕ್ಕೆ ಮಾತ್ರ ಸಂಬಂಧಿಸಿದ್ದು. ನೀರಿನೊಳಗೆ ಇಳಿದು ಹುಡುಕುವುದು ಬೇರೆಯೇ ವಿದ್ಯೆ, ಅದರ ಅಪಾಯಗಳೂ ಬೇರೆ.

ಹಂತ 1: ಅನುಮತಿ ಮತ್ತು ಕಾನೂನು

ನೀರು ಇಳಿದ ಮಾತ್ರಕ್ಕೆ ನೆಲ ಯಾರದೂ ಅಲ್ಲ ಎಂದಾಗುವುದಿಲ್ಲ. ಪ್ರತಿಯೊಂದು ಕೆರೆಯಂಗಳಕ್ಕೂ ಒಡೆತನವಿದೆ: ಸರ್ಕಾರ, ನೀರಾವರಿ ಅಥವಾ ವಿದ್ಯುತ್ ಸಂಸ್ಥೆ, ಸ್ಥಳೀಯ ಆಡಳಿತ, ಕೆಲವೆಡೆ ಖಾಸಗಿ ವ್ಯಕ್ತಿ. ಒಡೆಯರು ಯಾರೆಂದು ತಿಳಿದುಕೊಂಡು, ಅವರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ತಕರಾರು ಎದ್ದಾಗ ನೆರವಿಗೆ ಬರುವುದಿಲ್ಲ.

ಒಡೆಯರ ಒಪ್ಪಿಗೆ ಒಂದು, ದೇಶದ ಕಾನೂನು ಇನ್ನೊಂದು, ಎರಡೂ ಬೇಕು. ಕಾನೂನುಗಳು ಒಂದಕ್ಕೊಂದು ಎಷ್ಟು ಬೇರೆಯಾಗಿವೆ ಎಂಬುದಕ್ಕೆ ಕೆಲವು ಉದಾಹರಣೆಗಳನ್ನು ನೋಡಬಹುದು. ಭಾರತದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ, ಮಣ್ಣಿನಲ್ಲಿ ಅಡಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ಯಾವುದೇ ವಸ್ತು ಸಿಕ್ಕರೂ ಅದರ ವಿವರ, ಸಿಕ್ಕ ಜಾಗ ಮತ್ತು ದಿನಾಂಕವನ್ನು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಮುಚ್ಚಿಟ್ಟರೆ ಸಿಗಬಹುದಾಗಿದ್ದ ಪಾಲು ಕೈತಪ್ಪುವುದಲ್ಲದೆ ಶಿಕ್ಷೆಯೂ ಆಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಕಾಯ್ದೆಯಂತೆ, 300 ವರ್ಷಕ್ಕಿಂತ ಹಳೆಯ, ಕನಿಷ್ಠ ಶೇಕಡ 10ರಷ್ಟು ಚಿನ್ನ ಅಥವಾ ಬೆಳ್ಳಿ ಇರುವ ಎರಡು ನಾಣ್ಯಗಳು ಒಂದೇ ಕಡೆ ಜೊತೆಯಾಗಿ ಸಿಕ್ಕರೆ ಅವು ನಿಧಿ ಎನಿಸುತ್ತವೆ, ಮತ್ತು 14 ದಿನಗಳೊಳಗೆ ವರದಿ ಮಾಡಬೇಕು. ಐರ್ಲೆಂಡ್‌ನಲ್ಲಿ ಪ್ರಾಚೀನ ವಸ್ತುಗಳನ್ನು ಹುಡುಕಲು ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಕೆಗೆ ನಿಷೇಧವಿದೆ. 1938ರಲ್ಲಿ ಆ ದೇಶದ ಮೀಡ್ ಸರೋವರದಲ್ಲಿ ಮುಳುಗಿದ ಸೇಂಟ್ ಥಾಮಸ್ ಎಂಬ ಊರಿನ ಅಡಿಪಾಯಗಳು ನೀರು ಇಳಿದು ಇಂದು ಬಯಲಿನಲ್ಲಿ ಕಾಣುತ್ತಿವೆ, ಯಾರು ಬೇಕಾದರೂ ನಡೆದು ನೋಡಬಹುದು. ಆದರೆ ಆ ನೆಲ ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತದಲ್ಲಿ ಇರುವುದರಿಂದ ಅಲ್ಲಿಂದ ಒಂದು ಮೊಳೆಯನ್ನೂ ಎತ್ತುವಂತಿಲ್ಲ.

ಸಂರಕ್ಷಿತ ಸ್ಮಾರಕಗಳು, ಸ್ಮಶಾನಗಳು, ಪುರಾತತ್ವ ಇಲಾಖೆಯವರು ಗುರುತಿಸಿದ ಜಾಗಗಳು ಎಲ್ಲ ದೇಶಗಳಲ್ಲೂ ಹೊರತೆಂದೇ ತಿಳಿಯಿರಿ. ಜನರು ಹರಕೆಯಾಗಿ ನೀರಿಗೆ ಎಸೆದ ನಾಣ್ಯಗಳ ವಿಷಯವೂ ಸೂಕ್ಷ್ಮವಾದದ್ದು. ಅವು ಕಳೆದುಹೋದವಲ್ಲ, ಕೊಟ್ಟವು. ಅಂಥ ಜಾಗವನ್ನು ಬಿಟ್ಟುಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಂತ 2: ಎಲ್ಲಿ ಹುಡುಕಬೇಕೆಂದು ಮನೆಯಲ್ಲೇ ನಿರ್ಧರಿಸುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚಿನ ಫಲ ಕೊಡುವ ಹಂತವೂ ಇದೇ. ಮೊದಲು ಎರಡು ಬಗೆಯ ಜಲರಾಶಿಗಳನ್ನು ಬೇರೆ ಮಾಡಿಕೊಳ್ಳಿ. ತಲೆತಲಾಂತರದಿಂದ ಇದ್ದ ಸಹಜ ಸರೋವರ ಅಥವಾ ಹಳೆಯ ಕೆರೆಯಲ್ಲಿ ನಾಣ್ಯಗಳು ನೀರಿನ ಅಂಚಿನಲ್ಲಿ ಬಿದ್ದಿರುತ್ತವೆ, ಏಕೆಂದರೆ ಜನರು ಓಡಾಡಿದ್ದು ಅಲ್ಲೇ: ಮೀಯುವ, ಬಟ್ಟೆ ಒಗೆಯುವ ಜಾಗ, ದೋಣಿ ನಿಲ್ಲುತ್ತಿದ್ದ ಕಟ್ಟೆ, ದನಗಳಿಗೆ ನೀರು ಕುಡಿಸುವ ಇಳಿಜಾರು, ಮೀನುಗಾರರು ಬಲೆ ಒಣಗಿಸುತ್ತಿದ್ದ ದಂಡೆ. ಅಣೆಕಟ್ಟು ಕಟ್ಟಿ ನಿರ್ಮಿಸಿದ ಜಲಾಶಯದ ತಳವಾದರೋ ಒಂದು ಕಾಲದಲ್ಲಿ ಒಣನೆಲವಾಗಿತ್ತು. ಅಲ್ಲಿ ಮುಳುಗಿದ ಹಾದಿ, ಸೇತುವೆ, ಸಂತೆ ಮಾಳ, ಮನೆಗಳ ಅಡಿಪಾಯ, ಹೊಳೆ ದಾಟುತ್ತಿದ್ದ ಜಾಗಗಳು ಇರುತ್ತವೆ. ನೀರಿನ ಅಂಚಿಗೂ ಅವಕ್ಕೂ ಸಂಬಂಧವಿಲ್ಲ.

ಜಲಾಶಯವಾದರೆ ಅಣೆಕಟ್ಟಿಗಿಂತ ಹಿಂದಿನ ಭೂಪಟವನ್ನು ಹುಡುಕಿ, ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ನೋಡಿ. ಹಳೆಯ ರಸ್ತೆಗಳು ನೀರು ಇಳಿದಾಗ ನೇರ ಗೆರೆಗಳಂತೆ ಎದ್ದು ಕಾಣುತ್ತವೆ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಉಚಿತವಾಗಿ ಸಿಗುತ್ತವೆ. ನೀರು ಯಾವ ದಂಡೆಯಿಂದ ಎಷ್ಟು ಹಿಂದೆ ಸರಿದಿದೆ ಎಂದು ಅವುಗಳಲ್ಲಿ ತಿಳಿಯಬಹುದು. ಇನ್ನೂ ಹೆಚ್ಚು ಉಪಯುಕ್ತವಾದದ್ದು ಯುರೋಪಿಯನ್ ಆಯೋಗದ ಸಂಶೋಧನಾ ಕೇಂದ್ರ ರೂಪಿಸಿರುವ ಗ್ಲೋಬಲ್ ಸರ್ಫೇಸ್ ವಾಟರ್ ಎಕ್ಸ್‌ಪ್ಲೋರರ್ ಎಂಬ ನಕ್ಷೆ. 1984ರಿಂದ ಈಚೆಗಿನ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳನ್ನು ಆಧರಿಸಿರುವ ಈ ನಕ್ಷೆಯು ಒಂದು ಜಾಗ ಎಷ್ಟು ಕಾಲ ನೀರಿನಡಿ ಇತ್ತೆಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಹೆಚ್ಚೂಕಡಿಮೆ ಪ್ರತಿ ವರ್ಷವೂ ತೆರೆದುಕೊಳ್ಳುವ ನೆಲವನ್ನು ನಿಮಗಿಂತ ಮೊದಲು ಹಲವರು ಜಾಲಾಡಿರುತ್ತಾರೆ. ಅಪರೂಪಕ್ಕೊಮ್ಮೆ ಮಾತ್ರ ಹೊರಬೀಳುವ ಪಟ್ಟಿಯೇ ನಿಮ್ಮ ಗುರಿಯಾಗಲಿ.

ಇನ್ನು ಹೂಳಿನ ಲೆಕ್ಕ. ನದಿ ಅಥವಾ ಹಳ್ಳ ಬಂದು ಸೇರುವ ಬಾಯಿಯಲ್ಲಿ ಮರಳು ಮತ್ತು ದಪ್ಪ ಮಣ್ಣು ರಾಶಿಬೀಳುತ್ತವೆ. ನಯವಾದ ಹೂಳು ಮುಂದಕ್ಕೆ ತೇಲಿಹೋಗಿ ಅಣೆಕಟ್ಟಿನ ಬಳಿಯ ಆಳದಲ್ಲಿ ಕೂರುತ್ತದೆ. ಈ ಎರಡೂ ಕಡೆ ಹಳೆಯ ನೆಲ ಮೀಟರುಗಟ್ಟಲೆ ಕೆಳಗೆ ಹೋಗಿರಬಹುದು, ಯಾವ ಡಿಟೆಕ್ಟರಿಗೂ ಎಟುಕದು. ಇವೆರಡರ ನಡುವೆ, ಅಲೆ ಬಡಿಯುವ ಇಳಿಜಾರು ದಂಡೆಗಳಲ್ಲಿ, ನೀರು ಹೂಳನ್ನು ತೊಳೆದು ಒಯ್ದು ಜಲ್ಲಿಯನ್ನೂ ಗಟ್ಟಿ ಜೇಡಿಮಣ್ಣನ್ನೂ ಬಿಟ್ಟಿರುತ್ತದೆ. ಅಲ್ಲಿಂದ ಆರಂಭಿಸಿ.

ಹಂತ 3: ನೆಲಕ್ಕೆ ಕಾಲಿಡುವ ಮೊದಲು

ಈ ಹವ್ಯಾಸದಲ್ಲಿ ಪ್ರಾಣಕ್ಕೆ ಎರವಾಗಬಲ್ಲದ್ದು ಹುದುಲು, ಅಂದರೆ ಮೇಲೆ ಒಣಗಿದ ಹೊರಪದರವಿದ್ದು ಒಳಗೆ ಮೆತ್ತಗಿರುವ ಕೆಸರು. ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುವ ನೆಲದಡಿ ಮೊಣಕಾಲು ಮೀರಿ ಹೂತುಹೋಗುವಷ್ಟು ಹೂಳು ಇರಬಹುದು. ಉದ್ದನೆಯ ಕೋಲೊಂದನ್ನು ಹಿಡಿದು, ಮುಂದಿನ ಹೆಜ್ಜೆಯ ಜಾಗವನ್ನು ಒತ್ತಿ ನೋಡುತ್ತಾ ನಡೆಯಿರಿ. ಬಿರುಕುಗಳು ಅಗಲವಾಗಿದ್ದು ಅಂಚುಗಳು ಮೇಲಕ್ಕೆ ಸುರುಳಿಕೊಂಡಿದ್ದರೆ ಮೇಲ್ಪದರ ಒಣಗಿದೆ ಎಂದಷ್ಟೇ ತಿಳಿಯಬೇಕು, ಆಳದ ಭರವಸೆ ಅದರಿಂದ ಸಿಗದು. ನೆಲ ಕಾಲಿನಡಿ ಅದುರಿದರೆ ಅಥವಾ ಕೋಲು ಸಲೀಸಾಗಿ ಇಳಿದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಅಕಸ್ಮಾತ್ ಹೂತುಹೋದರೆ ಕಾಲನ್ನು ರಭಸದಿಂದ ಎಳೆಯಬೇಡಿ. ಹಿಂದಕ್ಕೆ ಒರಗಿ ಮೈಭಾರವನ್ನು ಹರಡಿ, ಕಾಲನ್ನು ನಿಧಾನವಾಗಿ ಅಲುಗಾಡಿಸುತ್ತಾ ಸುತ್ತಲಿನ ಕೆಸರಿಗೆ ನೀರು ಸೇರಲು ಬಿಟ್ಟು, ಒಂದೊಂದೇ ಕಾಲನ್ನು ಬಿಡಿಸಿಕೊಳ್ಳಿ. ಒಂಟಿಯಾಗಿ ಹೋಗಬೇಡಿ ಎಂಬ ಮಾತು ಬೇರೆಡೆ ಸಲಹೆಯಾಗಿರಬಹುದು, ಇಲ್ಲಿ ಮಾತ್ರ ಕಡ್ಡಾಯ.

ಜಲಾಶಯವಾದರೆ ಮೇಲಿನಿಂದ ನೀರು ಬಿಡುವ ವೇಳೆಯನ್ನು ವಿಚಾರಿಸಿಕೊಳ್ಳಿ. ದೂರದಲ್ಲಿ ಸುರಿದ ಮಳೆಗೂ ಇಲ್ಲಿ ಮಟ್ಟ ಏರುತ್ತದೆ. ಇಳಿದುಳಿದ ಹೊಂಡಗಳಲ್ಲಿ ನೀಲಿ-ಹಸಿರು ಪಾಚಿ ಕೆನೆಗಟ್ಟಿದ್ದರೆ ಅದು ವಿಷಕಾರಿಯಾಗಿರಬಹುದಾದ್ದರಿಂದ ಆ ನೀರಿನಲ್ಲಿ ಕೈಯಾಗಲಿ ನಾಣ್ಯವಾಗಲಿ ತೊಳೆಯಬೇಡಿ. ಒಡೆದ ಗಾಜು, ಗಾಳದ ಕೊಕ್ಕೆ, ತುಕ್ಕು ಹಿಡಿದ ತಂತಿ ಎಲ್ಲೆಲ್ಲೂ ಇರುತ್ತವೆ. ದಪ್ಪ ಅಟ್ಟೆಯ ಬೂಟು, ಕೈಗವಸು ಮತ್ತು ಅವಧಿ ಮೀರದ ಧನುರ್ವಾಯು ಚುಚ್ಚುಮದ್ದು ಬೇಕೇ ಬೇಕು. ಸಿಡಿಗುಂಡು ಅಥವಾ ಬಾಂಬಿನ ಆಕಾರದ ವಸ್ತು ಕಂಡರೆ ಮುಟ್ಟದೆ, ಜಾಗವನ್ನು ಗುರುತಿಸಿ, ದೂರ ಸರಿದು ಪೊಲೀಸರಿಗೆ ತಿಳಿಸಿ. ನೀರಿನಲ್ಲಿ ಇದ್ದ ಮಾತ್ರಕ್ಕೆ ಸ್ಫೋಟಕ ನಿಷ್ಕ್ರಿಯವಾಗಿರುವುದಿಲ್ಲ.

ಹಂತ 4: ಯಂತ್ರ ಮತ್ತು ಉಪಕರಣಗಳು

ಸಾಮಾನ್ಯ ಡಿಟೆಕ್ಟರುಗಳು ವಿಎಲ್‌ಎಫ್ ಎಂದು ಕರೆಯುವ ಕಡಿಮೆ ಆವರ್ತನದ ತಂತ್ರದಲ್ಲಿ ಕೆಲಸ ಮಾಡುತ್ತವೆ. ಕಾಯಿಲ್, ಅಂದರೆ ನೆಲದ ಮೇಲೆ ಬೀಸುವ ತಟ್ಟೆಯಲ್ಲಿ ಎರಡು ತಂತಿಸುರುಳಿಗಳಿರುತ್ತವೆ. ಒಂದು ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಅದು ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಹುಟ್ಟಿಸುತ್ತದೆ. ಆ ಸುಳಿಗಳು ಹೊರಡಿಸುವ ಪ್ರತಿಕ್ಷೇತ್ರವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಮರಳಿ ಬಂದ ಅಲೆ ಎಷ್ಟು ತಡವಾಗಿದೆ ಎಂಬುದರಿಂದ ಯಂತ್ರ ಲೋಹದ ಬಗೆಯನ್ನು ಊಹಿಸಿ ಒಂದು ಸಂಖ್ಯೆ ಮತ್ತು ಸ್ವರವಾಗಿ ತಿಳಿಸುತ್ತದೆ. ಊಹೆ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ.

ಸಿಹಿನೀರಿನ ಕೆರೆಯಂಗಳಕ್ಕೆ ಇಂಥ ಯಂತ್ರ ಸಾಕು. ಆದರೆ ನೀರು ಆವಿಯಾಗಿ ನೆಲದ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿದ್ದರೆ ಆ ಹಸಿ ಉಪ್ಪುಮಣ್ಣು ತಾನೇ ವಿದ್ಯುತ್ತನ್ನು ಹರಿಯಗೊಟ್ಟು ಯಂತ್ರವನ್ನು ಗೊಂದಲಗೊಳಿಸುತ್ತದೆ. ಒಂದೇ ಆವರ್ತನದ ಯಂತ್ರಕ್ಕೆ ಉಪ್ಪನ್ನೂ ಕಬ್ಬಿಣದ ಖನಿಜವನ್ನೂ ಒಟ್ಟಿಗೆ ಸರಿದೂಗಿಸಲು ಬರುವುದಿಲ್ಲ. ಅಲ್ಲಿಗೆ ಹಲವು ಆವರ್ತನಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಯಂತ್ರ ಬೇಕು. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯೂ ಇದೆ. ಅದು ಉಪ್ಪುಮಣ್ಣಿನಲ್ಲೂ ಖನಿಜದ ಮಣ್ಣಿನಲ್ಲೂ ಆಳಕ್ಕೆ ಹೋಗುತ್ತದೆ, ಆದರೆ ಕಬ್ಬಿಣವನ್ನು ಬೇರ್ಪಡಿಸಿ ತಿಳಿಸುವ ಶಕ್ತಿ ಅದಕ್ಕೆ ತೀರ ಕಡಿಮೆ. ಮೊಳೆ, ಕೊಕ್ಕೆಗಳಿಂದ ತುಂಬಿದ ದಂಡೆಯಲ್ಲಿ ಅದನ್ನು ಬಳಸಿದರೆ ದಿನವೆಲ್ಲ ತುಕ್ಕು ಅಗೆಯಬೇಕಾಗುತ್ತದೆ.

ಕಾಯಿಲ್‌ಗಳಲ್ಲಿ ಡಬಲ್-ಡಿ, ಅಂದರೆ ಎರಡೂ ಸುರುಳಿಗಳು ಇಂಗ್ಲಿಷಿನ D ಅಕ್ಷರದ ಆಕಾರದಲ್ಲಿರುವ ವಿನ್ಯಾಸ ಖನಿಜದ ನೆಲದಲ್ಲಿ ಸ್ಥಿರವಾಗಿರುತ್ತದೆ. ಸುಮಾರು 28 ಸೆಂಟಿಮೀಟರ್ ಅಗಲದ್ದು ಎಲ್ಲ ಕಡೆಗೂ ಆಗುತ್ತದೆ. ಕಸ ತುಂಬಿದ ಜಾಗಕ್ಕೆ 15 ಸೆಂಟಿಮೀಟರಿನ ಚಿಕ್ಕದು ಉತ್ತಮ. ಕಾಯಿಲ್ ಜಲನಿರೋಧಕವಾಗಿದ್ದರೂ ಹಿಡಿಕೆಯ ಪೆಟ್ಟಿಗೆ ಹಾಗಿರದೆ ಇರಬಹುದು, ಕೊಳ್ಳುವಾಗ ವಿಚಾರಿಸಿ. ಎಷ್ಟು ಆಳ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇದು: ನಾಣ್ಯದಷ್ಟು ದೊಡ್ಡ ವಸ್ತುವಿಗೆ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್. ಜಾಹೀರಾತುಗಳು ಹೇಳುವ ಮೀಟರುಗಳ ಮಾತು ದೊಡ್ಡ ಪೆಟ್ಟಿಗೆಯಂಥ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ.

ಉಳಿದಂತೆ ಪಿನ್‌ಪಾಯಿಂಟರ್, ಅಂದರೆ ಗುಂಡಿಯೊಳಗೆ ತೂರಿಸಿ ವಸ್ತುವಿನ ನೆಲೆಯನ್ನು ನಿಖರವಾಗಿ ತೋರಿಸುವ ಕೈಗಾತ್ರದ ಕಡ್ಡಿ ಬೇಕು. ಅದಿಲ್ಲದೆ ಕಪ್ಪು ಕೆಸರಿನಲ್ಲಿ ಕಪ್ಪು ನಾಣ್ಯವನ್ನು ಹುಡುಕುವುದು ಕಷ್ಟ. ಜೊತೆಗೆ ಹೆಡ್‌ಫೋನ್, ಸ್ಟೀಲಿನ ಗಟ್ಟಿ ಕೈಸಲಿಕೆ, ಹಗ್ಗ ಮತ್ತು ಗೂಟಗಳು, ಶುದ್ಧ ನೀರಿನ ಬಾಟಲಿ, ಜಿಪ್ ಇರುವ ಚಿಕ್ಕ ಚೀಲಗಳು, ಕಸಕ್ಕೊಂದು ಬೇರೆ ಚೀಲ.

ಹಂತ 5: ಯಂತ್ರವನ್ನು ಹೊಂದಿಸುವುದು

ಮನೆಯಲ್ಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ತಾಮ್ರ, ಬೆಳ್ಳಿ, ನಿಕಲ್ ಮಿಶ್ರಲೋಹ, ಸ್ಟೀಲು ಹೀಗೆ ಬೇರೆ ಬೇರೆ ಲೋಹದ ನಾಣ್ಯಗಳನ್ನೂ ಬಾಟಲಿ ಮುಚ್ಚಳ, ಅಲ್ಯೂಮಿನಿಯಂ ಹಾಳೆ, ಪಾನೀಯದ ಡಬ್ಬಿ ತೆರೆಯಲು ಎಳೆಯುವ ಉಂಗುರ, ತುಕ್ಕು ಮೊಳೆಗಳನ್ನೂ ನೆಲದ ಮೇಲಿಟ್ಟು ಒಂದೊಂದರ ಮೇಲೂ ಕಾಯಿಲ್ ಬೀಸಿ, ಬರುವ ಸಂಖ್ಯೆಯನ್ನು ಬರೆದುಕೊಳ್ಳಿ. 0ಯಿಂದ 99ರವರೆಗೆ ತೋರಿಸುವ ಯಂತ್ರಗಳಲ್ಲಿ ಕಬ್ಬಿಣ ಕೆಳತುದಿಯಲ್ಲೂ ಹಾಳೆ ಅದರ ಮೇಲೂ ಡಬ್ಬಿಯುಂಗುರ ನಡುವೆಯೂ ದಪ್ಪ ಬೆಳ್ಳಿ ಮೇಲ್ತುದಿಯಲ್ಲೂ ಬರುವುದು ವಾಡಿಕೆ. ಸಣ್ಣ, ತೆಳು ಚಿನ್ನದ ನಾಣ್ಯ ಹಾಳೆಯ ಪಕ್ಕದಲ್ಲೇ ಬೀಳುತ್ತದೆ. ಅದೇ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಬೀಸಿ ನೋಡಿ: ಸ್ವರ ಬದಲಾಗುತ್ತದೆ. ನೆಲದೊಳಗೆ ಎಲ್ಲ ನಾಣ್ಯಗಳೂ ಮಲಗಿಕೊಂಡಿರುವುದಿಲ್ಲ.

ಸ್ಥಳದಲ್ಲಿ ಮೊದಲು ಮಾಡಬೇಕಾದದ್ದು ಗ್ರೌಂಡ್ ಬ್ಯಾಲೆನ್ಸ್, ಎಂದರೆ ಮಣ್ಣಿನ ಖನಿಜಗಳ ಸದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಹೊಂದಾಣಿಕೆ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಸುಮಾರು 30 ಸೆಂಟಿಮೀಟರ್ ಎತ್ತರದಿಂದ ನೆಲದ ಹತ್ತಿರಕ್ಕೆ ಹಲವು ಸಲ ಏರಿಸಿ ಇಳಿಸಿ, ಸದ್ದು ಸಮವಾಗುವವರೆಗೆ ಹೊಂದಿಸಿ. ಹೊಲದಲ್ಲಿ ಇದನ್ನು ಒಮ್ಮೆ ಮಾಡಿದರೆ ನಡೆದೀತು. ಕೆರೆಯಂಗಳದಲ್ಲಿ ಒಣ ಹೂಳು, ಹಸಿ ಜೇಡಿ, ಕಪ್ಪು ಮರಳು, ಜಲ್ಲಿ ಇವು ಕೆಲವೇ ಹೆಜ್ಜೆಗಳಲ್ಲಿ ಬದಲಾಗುವುದರಿಂದ, ನೆಲದ ಬಣ್ಣ ಅಥವಾ ತೇವ ಬದಲಾದಾಗಲೆಲ್ಲ ಮತ್ತೆ ಮಾಡಬೇಕು.

ಸೆನ್ಸಿಟಿವಿಟಿ, ಅಂದರೆ ಗ್ರಹಣಶಕ್ತಿಯನ್ನು ಗರಿಷ್ಠಕ್ಕೆ ತಿರುಗಿಸುವುದು ಹೊಸಬರ ಸಾಮಾನ್ಯ ತಪ್ಪು. ಯಂತ್ರ ತಾನಾಗಿ ಕಿಚಕಿಚ ಎನ್ನತೊಡಗುವ ಮಟ್ಟಕ್ಕಿಂತ ಕೊಂಚ ಕೆಳಗೆ ನಿಲ್ಲಿಸಿದರೆ ಆಳ ಕಡಿಮೆಯಾದಂತೆ ಕಂಡರೂ ನಿಜವಾದ ಸೂಚನೆಗಳು ಕಿವಿಗೆ ಬೀಳುತ್ತವೆ. ವಿದ್ಯುತ್ ಮಾರ್ಗಗಳ ಬಳಿ ಇನ್ನಷ್ಟು ಇಳಿಸಬೇಕಾದೀತು. ಜೇಬಿನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಡಿಸ್ಕ್ರಿಮಿನೇಷನ್ ಎಂಬುದು ಬೇಡದ ಲೋಹಗಳ ಸದ್ದನ್ನು ಅಡಗಿಸುವ ಸೌಲಭ್ಯ. ಅದನ್ನು ಎಷ್ಟು ಕಡಿಮೆ ಬಳಸಿದರೆ ಅಷ್ಟು ಒಳ್ಳೆಯದು. ಕಬ್ಬಿಣದ ಚೂರಿನ ಪಕ್ಕದಲ್ಲಿ ಬೆಳ್ಳಿ ನಾಣ್ಯವಿದ್ದರೆ, ಕಬ್ಬಿಣವನ್ನು ಅಡಗಿಸುವಾಗ ನಾಣ್ಯದ ಸ್ವರವೂ ಅಡಗಬಹುದು. ಸ್ಟೀಲು ನಾಣ್ಯಗಳಂತೂ ಯಂತ್ರದ ಲೆಕ್ಕದಲ್ಲಿ ಕಬ್ಬಿಣದ ಸಾಲಿಗೇ ಸೇರಬಹುದು. ಬ್ರಿಟನ್ನಿನ ಒಂದು ಪೆನ್ನಿ, ಎರಡು ಪೆನ್ಸ್ ನಾಣ್ಯಗಳು 1992ರಿಂದ ತಾಮ್ರ ಲೇಪಿಸಿದ ಸ್ಟೀಲಿನವು.

ಹಂತ 6: ನೀರಿನ ಗೆರೆಗಳನ್ನು ಓದುವುದು

ಯಂತ್ರವನ್ನು ಚಾಲು ಮಾಡುವ ಮೊದಲು ದಂಡೆಯನ್ನು ಒಮ್ಮೆ ನಡೆದು ನೋಡಿ. ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಮೆಟ್ಟಿಲಿನ ಹಾಗೆ ಕಾಣುವ ಗೆರೆಗಳಿರುತ್ತವೆ. ನೀರು ಇಳಿಯುವಾಗ ಕೆಲಕಾಲ ತಂಗಿದ ಮಟ್ಟಗಳು ಅವು. ತಂಗಿದಷ್ಟೂ ಕಾಲ ಅಲೆಗಳು ಅಲ್ಲಿ ಬಡಿದು ಹಗುರಾದದ್ದನ್ನು ಒಯ್ದು, ಭಾರವಾದದ್ದನ್ನು ಬಿಟ್ಟಿರುತ್ತವೆ. ಗೆರೆಯಲ್ಲಿ ಕಲ್ಲು, ಚಿಪ್ಪು, ಗಾಜಿನ ಚೂರುಗಳು ಒತ್ತಾಗಿ ಸೇರಿದ್ದರೆ ಆ ಗೆರೆಯ ಉದ್ದಕ್ಕೂ ಹುಡುಕಿ, ಅಡ್ಡಡ್ಡವಾಗಿ ಅಲ್ಲ.

ಲೋಹಗಳ ಸಾಂದ್ರತೆಯನ್ನು ನೆನಪಿಟ್ಟುಕೊಂಡರೆ ಸಿಗುವ ಕಸವೂ ದಾರಿ ತೋರಿಸುತ್ತದೆ. ನೀರನ್ನು 1 ಎಂದು ಹಿಡಿದರೆ ಅಲ್ಯೂಮಿನಿಯಂ 2.7, ಕಬ್ಬಿಣ 7.9, ತಾಮ್ರ ಸುಮಾರು 9, ಬೆಳ್ಳಿ 10.5, ಸೀಸ 11.3, ಚಿನ್ನ 19.3. ಅಲೆಗಳು ಒಂದೇ ಬಗೆಯ ಭಾರದ ಸಣ್ಣ ವಸ್ತುಗಳನ್ನು ಒಂದೇ ಕಡೆ ಸೇರಿಸುತ್ತವೆ. ಅಲ್ಯೂಮಿನಿಯಂ ಉಂಗುರಗಳೇ ಸಿಗುತ್ತಿದ್ದರೆ ನೀವು ಹೊಸ ಹೂಳಿನ ಮೇಲೆ ನಿಂತಿದ್ದೀರಿ, ಮುಂದೆ ಹೋಗಿ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಸಿಗತೊಡಗಿದರೆ ಹೆಜ್ಜೆಯನ್ನು ಅರ್ಧಕ್ಕಿಳಿಸಿ, ಏಕೆಂದರೆ ಬೆಳ್ಳಿ, ತಾಮ್ರದ ನಾಣ್ಯಗಳು ಕೂರುವುದೂ ಅಲ್ಲೇ.

ಇನ್ನೊಂದು ಗಮನಿಸಬೇಕಾದ ವಿಷಯ ಗಟ್ಟಿ ಪದರ. ಮೆತ್ತನೆಯ ಹೂಳಿನಲ್ಲಿ ನಾಣ್ಯ ನಿಲ್ಲದೆ, ಜೇಡಿ ಅಥವಾ ಜಲ್ಲಿಯ ಪದರ ಸಿಗುವವರೆಗೆ ಇಳಿಯುತ್ತದೆ. ಕೋಲಿನಿಂದ ಅಲ್ಲಲ್ಲಿ ಚುಚ್ಚಿ ಆ ಪದರದ ಆಳವನ್ನು ತಿಳಿಯಿರಿ. ಅದು ಒಂದು ಗೇಣಿನೊಳಗಿದ್ದರೆ ಆ ಜಾಗ ಕೆಲಸಕ್ಕೆ ಯೋಗ್ಯ, ಮೊಳದಷ್ಟು ಕೆಳಗಿದ್ದರೆ ಸಮಯ ಹಾಳು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡದೆ ಇಡೀ ದಿನ ಹೂಳಿನ ಮೇಲೆ ಕಾಯಿಲ್ ಬೀಸುವವರೇ ಹೆಚ್ಚು.

ಹಂತ 7: ಬೀಸುವುದು ಮತ್ತು ಆಲಿಸುವುದು

ಹಗ್ಗ ಕಟ್ಟಿ ಒಂದೂವರೆ ಮೀಟರ್ ಅಗಲದ ಪಟ್ಟಿಗಳನ್ನು ಮಾಡಿಕೊಳ್ಳಿ. ಕಾಯಿಲನ್ನು ನೆಲದಿಂದ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಬೀಸಿ. ಬೀಸಿನ ಕೊನೆಯಲ್ಲಿ ಮೇಲಕ್ಕೆ ಎತ್ತಬೇಡಿ, ಎತ್ತಿದಷ್ಟೂ ಆಳ ಕಳೆದುಕೊಳ್ಳುತ್ತೀರಿ. ಪ್ರತಿ ಬೀಸು ಹಿಂದಿನದರ ಅರ್ಧದಷ್ಟನ್ನು ಮುಚ್ಚಲಿ. ಒಂದು ದಿಕ್ಕು ಮುಗಿದ ಮೇಲೆ ಅದೇ ಚೌಕವನ್ನು ಅಡ್ಡದಿಕ್ಕಿನಲ್ಲಿ ಮತ್ತೆ ಮುಗಿಸಿ. ಬಿರುಕು ಬಿಟ್ಟ ನೆಲದಲ್ಲಿ ಕಾಯಿಲ್ ಅಂಚಿಗೆ ಬಡಿದಾಗ ಸುಳ್ಳು ಸದ್ದು ಬರುತ್ತದೆ, ಅದನ್ನು ಕಡೆಗಣಿಸಿ. ಆದರೆ ಬಿರುಕಿನ ಒಳಗಿನಿಂದ ಮರಳಿ ಮರಳಿ ಬರುವ ಸದ್ದನ್ನು ಪರೀಕ್ಷಿಸಿ, ನಾಣ್ಯಗಳು ಬಿರುಕಿಗೆ ಜಾರುವುದುಂಟು. ಕಾಯಿಲ್‌ನ ಅಡಿಗವಚದೊಳಗೆ ಹಸಿ ಕೆಸರು ಸೇರಿಕೊಂಡರೂ ಯಂತ್ರ ವಿನಾಕಾರಣ ಗದ್ದಲ ಮಾಡುತ್ತದೆ. ಯಂತ್ರ ಕೆಟ್ಟಿತೆಂದು ತಿಳಿಯುವ ಮೊದಲು ಕವಚ ಬಿಚ್ಚಿ ತೊಳೆದು ನೋಡಿ.

ನಾಣ್ಯದ ಸ್ವರ ದುಂಡಗೆ, ಚಿಕ್ಕದಾಗಿ, ಎರಡೂ ಕಡೆಯಿಂದ ಬೀಸಿದಾಗಲೂ ಒಂದೇ ರೀತಿ ಬರುತ್ತದೆ. ಸಂಖ್ಯೆ ಒಂದೆರಡು ಅಂಕಗಳೊಳಗೆ ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಸದ್ದು ಬಂದ ಜಾಗದ ಸುತ್ತ ಕಾಲು ಸುತ್ತು ತಿರುಗಿ ನಿಂತು ಮತ್ತೆ ಬೀಸಿ. ಸ್ವರ ಹಾಗೇ ಉಳಿದರೆ ಅಗೆಯಿರಿ. ತುಕ್ಕು ಹಿಡಿದ ಮೊಳೆ ಒಂದು ದಿಕ್ಕಿನಲ್ಲಿ ಬೆಳ್ಳಿಯಂತೆ ಮೇಲ್ಸ್ವರ ಹೊರಡಿಸಿ, ಕಾಲು ಸುತ್ತು ತಿರುಗಿದೊಡನೆ ಗೊರಗೊರ ಎನ್ನುತ್ತದೆ ಇಲ್ಲವೇ ಮಾಯವಾಗುತ್ತದೆ. ಬಾಟಲಿ ಮುಚ್ಚಳ ಇದಕ್ಕಿಂತ ಜಾಣ ವಂಚಕ. ಅದರ ನಡುವೆ ಸ್ವರ ಸ್ವಚ್ಛವಾಗಿಯೇ ಇರುತ್ತದೆ. ಕಾಯಿಲನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ಅದರ ಮೂಗಿನ ತುದಿ ಮಾತ್ರ ವಸ್ತುವಿನ ಮೇಲೆ ಹಾಯುವಂತೆ ಬೀಸಿದಾಗ ನಾಣ್ಯವಾದರೆ ಸ್ವರ ಥಟ್ಟನೆ ನಿಲ್ಲುತ್ತದೆ. ಮುಚ್ಚಳವಾದರೆ ಕೊನೆಯಲ್ಲಿ ಕಬ್ಬಿಣದ ಕರ್ಕಶ ಕೆಳಸ್ವರವೊಂದು ಇಣುಕುತ್ತದೆ. ಇದನ್ನು ಕಿವಿ ಕಲಿಯುವವರೆಗೆ ಅನುಮಾನ ಬಂದುದನ್ನೆಲ್ಲ ಅಗೆದು ನೋಡುವುದೇ ಸರಿ.

ಕಾಯಿಲನ್ನು ಒಂದು ಗೇಣು ಎತ್ತಿದರೂ ಸದ್ದು ಅಷ್ಟೇ ಜೋರಾಗಿದ್ದರೆ ವಸ್ತು ದೊಡ್ಡದು, ಬಹುಶಃ ಡಬ್ಬಿ. ಆಳ ತೋರಿಸುವ ಮಾಪಕವು ನಾಣ್ಯದ ಗಾತ್ರವನ್ನು ಊಹಿಸಿಕೊಂಡು ಲೆಕ್ಕ ಹಾಕುವುದರಿಂದ ದೊಡ್ಡ ವಸ್ತುಗಳ ವಿಷಯದಲ್ಲಿ ಅದನ್ನು ನಂಬುವಂತಿಲ್ಲ.

ಹಂತ 8: ಅಗೆಯುವುದು

ಸದ್ದಿನ ನಡುಬಿಂದುವನ್ನು ಅಡ್ಡ ಮತ್ತು ಉದ್ದ ಬೀಸಿ ಗುರುತಿಸಿಕೊಳ್ಳಿ. ಕೈಸಲಿಕೆಯನ್ನು ಆ ಬಿಂದುವಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ನೇರವಾಗಿ ಇಳಿಸಿ, ಸುತ್ತಲೂ ಕತ್ತರಿಸಿ, ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಿ. ಬಿಂದುವಿನ ಮೇಲೇ ಚುಚ್ಚಿದರೆ ಸಲಿಕೆಯ ತುದಿ ನಾಣ್ಯದ ಮುಖದ ಮೇಲೆ ಅಳಿಸಲಾಗದ ಗೀರು ಎಳೆಯುತ್ತದೆ. ಎತ್ತಿದ ಹೆಂಟೆಯನ್ನೂ ಗುಂಡಿಯನ್ನೂ ಪಿನ್‌ಪಾಯಿಂಟರಿನಿಂದ ಬೇರೆ ಬೇರೆಯಾಗಿ ನೋಡಿ, ಸದ್ದು ಎಲ್ಲಿದೆಯೋ ಆ ಭಾಗವನ್ನು ಬೆರಳಿನಿಂದ ಒಡೆಯಿರಿ. ಗಾಳಿಯಾಡದ ಕೆಸರಿನಲ್ಲಿ ಗಂಧಕದ ಸಂಯುಕ್ತಗಳು ತಾಗಿ ಬೆಳ್ಳಿ ಕಪ್ಪಾಗಿರುತ್ತದೆ, ತಾಮ್ರವೂ ಕಂದು-ಕಪ್ಪು ತಿರುಗಿರುತ್ತದೆ. ಹೊಳಪಿಗಾಗಿ ಕಾಯಬೇಡಿ, ಮಣ್ಣಿನಲ್ಲಿ ಕಾಣುವ ಸಮನಾದ ಬಾಗಿದ ಅಂಚನ್ನು ಹುಡುಕಿ.

ಆ ಕ್ಷಣದಲ್ಲಿ ಎಲ್ಲರ ಹೆಬ್ಬೆರಳೂ ತಾನಾಗಿ ನಾಣ್ಯವನ್ನು ಉಜ್ಜಲು ಹೋಗುತ್ತದೆ. ತಡೆಯಿರಿ. ಮಣ್ಣಿನ ಜೊತೆ ಅಂಟಿರುವ ಮರಳಿನ ಕಣಗಳು ಉಜ್ಜುಕಾಗದದಂತೆ ಕೆಲಸ ಮಾಡಿ ಅಕ್ಷರಗಳನ್ನು ತೆಗೆದುಬಿಡುತ್ತವೆ. ಬಾಟಲಿಯ ನೀರನ್ನು ಮೆಲ್ಲಗೆ ಸುರಿದು, ಬಂದಷ್ಟು ಮಣ್ಣು ಬಂದರೆ ಸಾಕೆಂದು ಚೀಲಕ್ಕೆ ಹಾಕಿ. ಗುಂಡಿಯನ್ನು ಇನ್ನೊಮ್ಮೆ ಪರೀಕ್ಷಿಸಿ, ನಂತರ ಮುಚ್ಚಿ. ನೀರು ಮರಳಿದ ಮೇಲೆ ಮೀಯಲು ಇಳಿದವರ ಕಾಲು ಸಿಕ್ಕಿಕೊಳ್ಳುವ ಹೊಂಡ ಉಳಿಯಬಾರದು. ಸಿಕ್ಕ ಕಸವನ್ನು, ಅದರಲ್ಲೂ ಸೀಸದ ಗುಂಡುಗಳನ್ನು, ಅಲ್ಲೇ ಎಸೆಯದೆ ತೆಗೆದುಕೊಂಡು ಹೋಗಿ. ನುಂಗಿದ ನೀರುಹಕ್ಕಿಗಳಿಗೆ ಸೀಸ ವಿಷವಾಗುತ್ತದೆ.

ಒಂದೇ ಗುಂಡಿಯಲ್ಲಿ ಎರಡು ಮೂರು ನಾಣ್ಯಗಳು, ಮಡಕೆಯ ಚೂರು ಅಥವಾ ಬಟ್ಟೆಯ ಎಳೆ ಕಾಣಿಸಿದರೆ ಅಗೆತವನ್ನು ಅಲ್ಲಿಗೇ ನಿಲ್ಲಿಸಬೇಕು. ಅದು ಕೂಡಿಟ್ಟ ಹಣವಾಗಿರಬಹುದು. ನಾಣ್ಯಗಳು ಯಾವುದರ ಜೊತೆ, ಯಾವ ಪದರದಲ್ಲಿ, ಯಾವ ಕ್ರಮದಲ್ಲಿ ಇದ್ದವೆಂಬುದನ್ನು ಪುರಾತತ್ವಜ್ಞರು ಸನ್ನಿವೇಶ ಎನ್ನುತ್ತಾರೆ, ಮತ್ತು ಆ ಮಾಹಿತಿ ನಾಣ್ಯಗಳಷ್ಟೇ ಬೆಲೆಯುಳ್ಳದ್ದು. ಫೋಟೋ ತೆಗೆದು, ಮೇಲೆ ಮಣ್ಣು ಹರಡಿ, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿ. ಮೂಳೆ ಕಂಡರೂ ಹೀಗೆಯೇ.

ಹಂತ 9: ದಾಖಲೆ

ಪ್ರತಿ ಚೀಲದ ಮೇಲೆ ದಿನಾಂಕ, ಜಿಪಿಎಸ್ ಅಂಕಿಗಳು, ಆಳ ಮತ್ತು ಮಣ್ಣಿನ ಬಗೆಯನ್ನು ಸ್ಥಳದಲ್ಲೇ ಬರೆಯಿರಿ. ಆ ದಿನದ ನೀರಿನ ಮಟ್ಟವೂ ಇರಲಿ. ಜಲಾಶಯಗಳ ಮಟ್ಟವನ್ನು ಅನೇಕ ಕಡೆ ದಿನವೂ ಪ್ರಕಟಿಸುತ್ತಾರೆ. ಮುಂದೊಮ್ಮೆ ನೀರು ಅದೇ ಮಟ್ಟಕ್ಕೆ ಇಳಿದಾಗ ಯಾವ ಗೆರೆಯಲ್ಲಿ ಏನು ಸಿಕ್ಕಿತ್ತೆಂದು ತಿಳಿಯುವುದು ಇದರಿಂದಲೇ. ಏನೂ ಸಿಗದ ಜಾಗಗಳನ್ನೂ ಗುರುತು ಹಾಕಿಕೊಳ್ಳಿ.

ಹಂತ 10: ತೊಳೆಯುವುದು ಮತ್ತು ಇಡುವುದು

ವರದಿ ಮಾಡಬೇಕಾದ ನಾಣ್ಯವಾದರೆ ತೊಳೆಯಲೇಬೇಡಿ, ಇದ್ದಂತೆಯೇ ಒಪ್ಪಿಸಿ. ಉಳಿದವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರನ್ನು ದಿನಕ್ಕೊಮ್ಮೆ ಬದಲಿಸುತ್ತಾ ಮಣ್ಣು ತಾನಾಗಿ ಸಡಿಲವಾಗಲು ಬಿಡಿ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ತಾಮ್ರಕ್ಕೆ ಒಳ್ಳೆಯದಲ್ಲ. ನಿಂಬೆರಸ, ವಿನೆಗರ್, ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ, ಹಲ್ಲುಪುಡಿ ಇವೆಲ್ಲ ನಾಣ್ಯವನ್ನು ಹೊಳೆಯಿಸುತ್ತವೆ ಮತ್ತು ಹಾಳುಮಾಡುತ್ತವೆ. ಲೋಹದ ಮೇಲೆ ಕಾಲಕ್ರಮದಲ್ಲಿ ಕಟ್ಟಿದ ನಯವಾದ ಪದರವೇ ನಾಣ್ಯದ ವಯಸ್ಸಿನ ಗುರುತು. ಸಂಗ್ರಾಹಕರು ಅದನ್ನು ಕಳೆದುಕೊಂಡ ನಾಣ್ಯಕ್ಕೆ ಬೆಲೆ ಕಟ್ಟುವಾಗ ಮುಖ ಸಿಂಡರಿಸುತ್ತಾರೆ. ಬ್ಯಾಟರಿ ಮತ್ತು ಉಪ್ಪುನೀರಿನಿಂದ ಕಿಲುಬು ಬಿಡಿಸುವ ವಿದ್ಯುತ್ ವಿಧಾನದ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. ಅದು ಕಿಲುಬಿನ ಜೊತೆಗೆ ಕಿಲುಬಿನಲ್ಲಿ ಉಳಿದಿದ್ದ ಅಕ್ಷರಗಳನ್ನೂ ತೆಗೆಯುತ್ತದೆ.

ಒಣಗಿದ ಮೇಲೆ ತಾಮ್ರ ಅಥವಾ ಕಂಚಿನ ನಾಣ್ಯಗಳ ಮೇಲೆ ತಿಳಿಹಸಿರು ಪುಡಿ ಕಾಣಿಸಿಕೊಳ್ಳುತ್ತಿದೆಯೇ ಎಂದು ಕೆಲವು ವಾರ ಗಮನಿಸಿ. ಗಟ್ಟಿಯಾದ, ಕಡುಹಸಿರಿನ ಕಿಲುಬು ನಿರಪಾಯಕಾರಿ. ಉದುರುವ ತಿಳಿಹಸಿರು ಪುಡಿಯಾದರೆ ಅದು ಕಂಚಿನ ರೋಗ ಎಂದು ಕರೆಯಲಾಗುವ, ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ಒಳಗೊಳಗೇ ತಿನ್ನುವ ಕ್ರಿಯೆ. ಅಂಥ ನಾಣ್ಯವನ್ನು ಬೇರೆಯಾಗಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಇಡಲು ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಥಿನ್ ಚೀಲ ಬಳಸಿ. ಮೆತ್ತಗೆ, ಹೊಳೆಯುವ, ಪ್ಲಾಸ್ಟಿಕ್ ವಾಸನೆ ಬರುವ ಆಲ್ಬಮ್ ಹಾಳೆಗಳು ಸಾಮಾನ್ಯವಾಗಿ ಪಿವಿಸಿಯವು. ಕೆಲವು ವರ್ಷಗಳಲ್ಲಿ ಅವುಗಳಿಂದ ಹೊರಬರುವ ಜಿಗುಟಾದ ಹಸಿರು ಅಂಟು, ಕೆಸರಿನಲ್ಲಿ ಕೆಡದೆ ಉಳಿದ ನಾಣ್ಯವನ್ನೂ ಕಪಾಟಿನೊಳಗೆ ಕೆಡಿಸುತ್ತದೆ.